ಪಿಸ್ತೂಲಿನ ಒಡಲೊಳಗೊಬ್ಬ ಕಮ್ಮಾರ: ಜಾನ್ ಮೋಸಸ್ ಬ್ರೌನಿಂಗ್

ಅಮೆರಿಕದ ಯಾವುದೇ ಊರಿನ ಗುರಿ ಅಭ್ಯಾಸದ ಅಂಗಳಕ್ಕೆ ಹೋದರೂ ಒಂದು ದೃಶ್ಯ ಸಾಮಾನ್ಯ. ಹೊಸ ಪಿಸ್ತೂಲು ಕೊಳ್ಳಬೇಕೆಂದಿರುವವರು ನಾಲ್ಕಾರು ಕಂಪನಿಗಳ ಆಯುಧಗಳನ್ನು ಬಾಡಿಗೆಗೆ ಪಡೆದು, ಒಂದರ ಬಳಿಕ ಒಂದರಂತೆ ಹಾರಿಸಿ ನೋಡುತ್ತಾರೆ. ಆಸ್ಟ್ರಿಯಾದ ಗ್ಲಾಕ್, ಸಿಗ್ ಸಾವರ್, ಜೆಕ್ ನಾಡಿನ ಸಿಝಡ್, ಅಮೆರಿಕದ್ದೇ ಆದ ಸ್ಮಿತ್ ಅಂಡ್ ವೆಸನ್. ಹಿಡಿಕೆ ಕೈಗೆ ಹೊಂದುತ್ತದೆಯೇ, ಹಿನ್ನೂಕು ಎಷ್ಟು, ಗುಂಡು ಸಿಕ್ಕಿಕೊಳ್ಳುತ್ತದೆಯೇ ಎಂದು ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಈ ನಾಲ್ಕನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದರೆ ಒಳಗಿನ ವಿದ್ಯೆ ಬಹುಪಾಲು ಒಂದೇ. ಆ ವಿದ್ಯೆಯನ್ನು 19ನೇ ಶತಮಾನದ ಕೊನೆಯಲ್ಲಿ ರೂಪಿಸಿದಾತ ಯೂಟಾ ಪ್ರಾಂತ್ಯದ ಆಗ್ಡೆನ್ ಎಂಬ ಪುಟ್ಟ ಊರಿನ ಕೋವಿ ರಿಪೇರಿಗಾರನ ಮಗ. ಹೆಸರು ಜಾನ್ ಮೋಸಸ್ ಬ್ರೌನಿಂಗ್.

ಎಂಜಿನಿಯರಿಂಗ್ ಪದವಿ ಈತನಿಗಿರಲಿಲ್ಲ. ಶಾಲೆಯನ್ನೂ ಹದಿಹರೆಯದಲ್ಲೇ ಬಿಟ್ಟಿದ್ದ. ಆದರೂ 128 ಪೇಟೆಂಟುಗಳು ಈತನ ಹೆಸರಿನಲ್ಲಿವೆ. ಯುರೋಪಿನ ಹಲವು ಭಾಷೆಗಳಲ್ಲಿ ಒಂದು ಕಾಲಕ್ಕೆ ಬ್ರೌನಿಂಗ್ ಎಂದರೆ ಪಿಸ್ತೂಲು ಎಂದೇ ಅರ್ಥ. ಜಗತ್ತಿನ ಚರಿತ್ರೆಯ ಗತಿ ಬದಲಿಸಿದ ಕೆಲವು ಹತ್ಯೆಗಳ ಹಿಂದೆಯೂ ಈ ಹೆಸರಿದೆ. ಧಾರವಾಡ, ಬೆಂಗಳೂರುಗಳ ಎರಡು ಮನೆಬಾಗಿಲುಗಳವರೆಗೂ ಆ ನಂಟು ಚಾಚಿದೆ.

ಅಪ್ಪನ ಕುಲುಮೆ

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿಯಲ್ಲಿ. ತಂದೆ ಜೋನಾಥನ್ ಬ್ರೌನಿಂಗ್ ಟೆನೆಸ್ಸಿಯಲ್ಲಿ ಹುಟ್ಟಿ, ಇಲಿನಾಯ್ ಪ್ರಾಂತ್ಯದಲ್ಲಿ ಕೋವಿ ತಯಾರಕನಾಗಿ ಹೆಸರು ಮಾಡಿದವನು. ಒಮ್ಮೆ ತುಂಬಿದರೆ ಹಲವು ಬಾರಿ ಹಾರಿಸಬಹುದಾದ ಬಂದೂಕನ್ನು ಆ ಕಾಲಕ್ಕೇ ತಯಾರಿಸಿದ್ದ. ಮಾರ್ಮನ್ ಪಂಥಕ್ಕೆ ಸೇರಿದ ಆತ ತನ್ನ ಜನರೊಡನೆ ಪಶ್ಚಿಮಕ್ಕೆ ವಲಸೆ ಹೊರಟು, 1852ರಲ್ಲಿ ಯೂಟಾ ತಲುಪಿ ಆಗ್ಡೆನ್‌ನಲ್ಲಿ ನೆಲೆಸಿದ. ಪಂಥದ ಅಂದಿನ ರೂಢಿಯಂತೆ ಆತನಿಗೆ ಮೂವರು ಹೆಂಡಿರು, 22 ಮಕ್ಕಳು. ಜಾನ್ ಎರಡನೆಯ ಹೆಂಡತಿಯ ಮಗ.

ಆಗ್ಡೆನ್ ಆಗ ಗಡಿನಾಡಿನ ಊರು. ಅಲ್ಲಿ ಕಮ್ಮಾರನ ಅಂಗಡಿಗೆ ಬಾರದ ವಸ್ತುವೇ ಇರಲಿಲ್ಲ. ನೇಗಿಲು, ಕುದುರೆ ಲಾಳ, ಚಕ್ಕಡಿಯ ಅಚ್ಚು, ಮುರಿದ ಬಂದೂಕು ಎಲ್ಲವೂ ಜೋನಾಥನ್‌ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಬಾಲಕ ಜಾನ್‌ನ ಪಾಠಶಾಲೆ ಅದೇ ಆಯಿತು. ಬಂದೂಕಿನ ಭಾಗಗಳ ಹೆಸರನ್ನು ಅಕ್ಷರ ಕಲಿಯುವ ವಯಸ್ಸಿನಲ್ಲೇ ಕಲಿತ. ಹತ್ತನೆಯ ವಯಸ್ಸಿನಲ್ಲಿ ಗುಜರಿಯಲ್ಲಿ ಬಿದ್ದಿದ್ದ ನಳಿಕೆಯೊಂದನ್ನು ಮರದ ತುಂಡಿಗೆ ತಂತಿಯಿಂದ ಬಿಗಿದು ತನ್ನ ಮೊದಲ ಕೋವಿ ಕಟ್ಟಿದ. ಅದಕ್ಕೆ ಕುದುರೆಯಿಲ್ಲ, ಚಾಪಿಲ್ಲ. ತಮ್ಮ ಮ್ಯಾಟ್ ಡಬ್ಬಿಯಲ್ಲಿ ಕೆಂಡ ಹಿಡಿದು ಜೊತೆಗೆ ನಡೆಯಬೇಕು, ಗುರಿ ಸಿಕ್ಕಾಗ ಕಡ್ಡಿಗೆ ಬೆಂಕಿ ತಾಗಿಸಿ ಮದ್ದಿಗೆ ಹಚ್ಚಬೇಕು. ಅಣ್ಣತಮ್ಮಂದಿರು ಅದರಿಂದಲೇ ಹಕ್ಕಿ ಹೊಡೆದು ತಂದರು. ಅಪ್ಪ ಬೆನ್ನು ತಟ್ಟಲಿಲ್ಲ. ಹತ್ತು ವರ್ಷದ ಹುಡುಗ ಇದಕ್ಕಿಂತ ಚೆನ್ನಾಗಿ ಮಾಡಬಹುದಿತ್ತು ಎಂಬ ಅಭಿಪ್ರಾಯ ಆತನದಾಗಿತ್ತು. ಮಗ ಆ ಮಾತನ್ನು ಮರೆಯಲಿಲ್ಲ.

8 ಸಾವಿರ ಡಾಲರಿನ ಬಂದೂಕು

1878ರಲ್ಲಿ, 23ನೇ ವಯಸ್ಸಿನಲ್ಲಿ, ಬ್ರೌನಿಂಗ್ ಒಂಟಿಗುಂಡಿನ ರೈಫಲ್ ಒಂದನ್ನು ವಿನ್ಯಾಸ ಮಾಡಿದ. ನಕಾಶೆ ಬರೆದು ಕೆಲಸ ಮಾಡುವ ಅಭ್ಯಾಸ ಆತನಿಗೆ ಕಡಿಮೆ. ಮನಸ್ಸಿನಲ್ಲಿ ಮೂಡಿದ್ದನ್ನು ತಗಡಿನಲ್ಲಿ ಕತ್ತರಿಸಿ, ಉಕ್ಕಿನಲ್ಲಿ ಅರದಿಂದ ತಿದ್ದಿ, ನೇರವಾಗಿ ಮಾದರಿಯನ್ನೇ ಕಟ್ಟುವುದು ಆತನ ಪದ್ಧತಿ. 1879ರ ವರ್ಷ ಬದುಕಿನ ತಿರುವು. ಆ ವರ್ಷ ರೇಚಲ್ ತೆರೇಸಾ ಚೈಲ್ಡ್ ಎಂಬಾಕೆಯೊಡನೆ ಮದುವೆಯಾಯಿತು. ತಂದೆ ತೀರಿಕೊಂಡ. ಅಕ್ಟೋಬರ್ 7ರಂದು ಮೊದಲ ಪೇಟೆಂಟ್ ದೊರೆಯಿತು.

ತಮ್ಮಂದಿರೊಡನೆ ಸೇರಿ ಬ್ರೌನಿಂಗ್ ಆ ರೈಫಲನ್ನು ಊರಿನಲ್ಲೇ ತಯಾರಿಸತೊಡಗಿದ. ಸುಮಾರು 600 ಬಂದೂಕುಗಳು ಹೊರಬಂದವು. ಅವುಗಳಲ್ಲೊಂದು ಕೈಯಿಂದ ಕೈಗೆ ಸಾಗಿ ಪೂರ್ವ ತೀರದ ಪ್ರಸಿದ್ಧ ವಿಂಚೆಸ್ಟರ್ ಕಂಪನಿಯ ಮುಖ್ಯಸ್ಥ ಟಿ.ಜಿ. ಬೆನೆಟ್‌ನ ಮೇಜಿಗೆ ಬಂತು. ಬೆನೆಟ್ 1883ರಲ್ಲಿ ಸ್ವತಃ ಆಗ್ಡೆನ್‌ಗೆ ಬಂದಿಳಿದ. ದೊಡ್ಡ ಕಾರ್ಖಾನೆ ಕಾಣಬಹುದೆಂದುಕೊಂಡಿದ್ದವನ ಕಣ್ಣಿಗೆ ಬಿದ್ದದ್ದು ಸಣ್ಣ ಕಮ್ಮಟ, ಅದರೊಳಗೆ ಎಣ್ಣೆಗೈಯ ಯುವಕರು. 8 ಸಾವಿರ ಡಾಲರಿಗೆ ರೈಫಲಿನ ಹಕ್ಕು ವಿಂಚೆಸ್ಟರ್ ಪಾಲಾಯಿತು.

ಮುಂದಿನ 19 ವರ್ಷ ಈ ನಂಟು ಮುಂದುವರಿಯಿತು. 1886, 1892, 1894ರ ಲಿವರ್ ರೈಫಲುಗಳು, 1897ರ ಪಂಪ್ ಬಂದೂಕು ಎಲ್ಲಕ್ಕೂ ವಿಂಚೆಸ್ಟರ್ ಮುದ್ರೆ ಬಿದ್ದರೂ ಅವು ಬ್ರೌನಿಂಗ್‌ನ ಕೂಸುಗಳೇ. ಕಂಪನಿ ಈತನಿಂದ ಒಟ್ಟು 44 ವಿನ್ಯಾಸಗಳನ್ನು ಕೊಂಡಿತು. ಆದರೆ ತಯಾರಿಸಿದ್ದು ಹತ್ತನ್ನು ಮಾತ್ರ. ಉಳಿದವನ್ನು ಪ್ರತಿಸ್ಪರ್ಧಿಗಳ ಕೈಗೆ ಸಿಗದಿರಲೆಂದು ಕಪಾಟಿನಲ್ಲಿಟ್ಟಿತು. ಈ ನಡುವೆ 1887ರಿಂದ 1889ರವರೆಗೆ ಬ್ರೌನಿಂಗ್ ತನ್ನ ಪಂಥದ ಪ್ರಚಾರಕನಾಗಿ ಜಾರ್ಜಿಯಾದ ಹಳ್ಳಿಗಳಲ್ಲಿ ಅಲೆದ. ಆ ಎರಡು ವರ್ಷ ಉಳಿಯನ್ನಾಗಲಿ ಅರವನ್ನಾಗಲಿ ಮುಟ್ಟಲಿಲ್ಲ.

ಬಾಗಿದ ಜೊಂಡುಹುಲ್ಲು

ಊರಿಗೆ ಮರಳಿದ ಅದೇ ವರ್ಷ, 1889ರ ಶರತ್ಕಾಲದಲ್ಲಿ, ಗೆಳೆಯರೊಡನೆ ಗುರಿ ಸ್ಪರ್ಧೆಗೆ ಹೋದಾಗ ಒಂದು ಸಾಮಾನ್ಯ ಸಂಗತಿ ಬ್ರೌನಿಂಗ್‌ನ ಕಣ್ಣಿಗೆ ಬಿತ್ತು. ರೈಫಲ್ ಹಾರಿದಾಗಲೆಲ್ಲ ನಳಿಕೆಯ ಮುಂದಿನ ಜೊಂಡುಹುಲ್ಲು ಅನಿಲದ ರಭಸಕ್ಕೆ ಬಾಗುತ್ತಿತ್ತು. ಎಲ್ಲರೂ ದಿನವೂ ನೋಡುವ ದೃಶ್ಯವದು. ವ್ಯರ್ಥವಾಗಿ ಹೋಗುವ ಆ ಶಕ್ತಿಯಿಂದಲೇ ಬಂದೂಕು ತನ್ನನ್ನು ತಾನು ಮತ್ತೆ ತುಂಬಿಕೊಳ್ಳುವಂತೆ ಮಾಡಬಹುದಲ್ಲವೇ ಎಂಬುದು ಆತನಿಗೆ ಹೊಳೆದ ಪ್ರಶ್ನೆ. ಸ್ಪರ್ಧೆಯನ್ನು ಅಲ್ಲಿಗೇ ಬಿಟ್ಟು ಮನೆಗೆ ಧಾವಿಸಿ ಪ್ರಯೋಗ ಆರಂಭಿಸಿದ. ಫಲವಾಗಿ ಹುಟ್ಟಿದ್ದು ಅನಿಲ ಬಲದಿಂದ ನಡೆಯುವ ಮೆಷಿನ್ ಗನ್. ಕೋಲ್ಟ್ ಕಂಪನಿ ಅದನ್ನು 1895ರ ಮಾದರಿಯಾಗಿ ಮಾರುಕಟ್ಟೆಗೆ ತಂದಿತು.

ಅದೇ ಯೋಚನೆಯನ್ನು ಅಂಗೈಯಲ್ಲಿ ಹಿಡಿಯುವ ಆಯುಧಕ್ಕೆ ತರುವುದು ಮುಂದಿನ ಹೆಜ್ಜೆ. ಆ ಕಾಲದ ಕೈಕೋವಿಯೆಂದರೆ ತಿರುಗುವ ಉರುಳೆಯ ರಿವಾಲ್ವರ್. ಯುರೋಪಿನಲ್ಲಿ ಸ್ವಯಂಚಾಲಿತ ಪಿಸ್ತೂಲುಗಳು ಆಗಷ್ಟೇ ಕಣ್ಣುಬಿಡುತ್ತಿದ್ದವು, ಆದರೆ ಅವುಗಳ ಒಡಲು ಜಟಿಲ. 1897ರ ಏಪ್ರಿಲ್ 20ರಂದು ಬ್ರೌನಿಂಗ್‌ಗೆ ದೊರೆತ ಪಿಸ್ತೂಲಿನ ಪೇಟೆಂಟುಗಳು ಆ ಜಟಿಲತೆಯನ್ನು ಬಿಡಿಸಿದವು.

ಅದರ ತತ್ತ್ವ ಹೀಗಿದೆ. ನಳಿಕೆಯನ್ನು ಮೇಲಿನಿಂದ ಹೊದ್ದುಕೊಂಡಂತೆ ಒಂದು ಉಕ್ಕಿನ ಕವಚ, ಅದೇ ಸ್ಲೈಡ್. ನಳಿಕೆಯ ಬೆನ್ನಿನ ಏಣುಗಳು ಸ್ಲೈಡಿನ ಒಳಗಿನ ಗಾಡಿಗಳಲ್ಲಿ ಕಚ್ಚಿಕೊಂಡಿರುತ್ತವೆ. ಗುಂಡು ಹಾರಿದ ಕ್ಷಣ ಎರಡೂ ಜೊತೆಯಾಗಿ ತುಸು ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ನಳಿಕೆ ದಾಟಿ ಒಳಗಿನ ಒತ್ತಡ ಇಳಿದಿರುತ್ತದೆ. ಆಗ ಒಂದು ಸಣ್ಣ ಕೊಂಡಿ ನಳಿಕೆಯನ್ನು ಕೆಳಕ್ಕೆಳೆಯುತ್ತದೆ, ಕಚ್ಚು ಬಿಡುತ್ತದೆ. ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ ಖಾಲಿ ತೋಟಾವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹಿಡಿಕೆಯೊಳಗಿನ ಮ್ಯಾಗಜೀನಿನಿಂದ ಹೊಸ ಗುಂಡನ್ನು ತಳ್ಳಿಕೊಂಡು ಬರುತ್ತದೆ. ಇಷ್ಟೆಲ್ಲ ಕಣ್ಣುಮಿಟುಕಿಸುವುದರೊಳಗೆ ಮುಗಿಯುತ್ತದೆ. ಕಡಿಮೆ ಶಕ್ತಿಯ ಗುಂಡಿಗೆ ಈ ಕಚ್ಚೂ ಬೇಡ, ಸ್ಲೈಡಿನ ಭಾರವೇ ಸಾಕು. ಅಂತಹ ಜೇಬು ಪಿಸ್ತೂಲುಗಳನ್ನೂ ಬ್ರೌನಿಂಗ್ ರಚಿಸಿದ.

ಬೆಲ್ಜಿಯಂನ ಕರೆ

ಬೆಲ್ಜಿಯಂನ ಲೀಜ್ ನಗರದ ಬಳಿ, ಹರ್ಸ್ತಾಲ್‌ನಲ್ಲಿ, 1889ರಲ್ಲಿ ಸ್ಥಾಪನೆಯಾದ ಎಫ್ಎನ್ ಎಂಬ ಆಯುಧ ಕಾರ್ಖಾನೆ ಆಗ ಕೆಲಸವಿಲ್ಲದೆ ತೊಳಲುತ್ತಿತ್ತು. ಸೈಕಲ್ ತಯಾರಿಕೆಯನ್ನು ಅಧ್ಯಯನ ಮಾಡಲು ಅಮೆರಿಕಕ್ಕೆ ಬಂದಿದ್ದ ಅದರ ಪ್ರತಿನಿಧಿ ಹಾರ್ಟ್ ಬರ್ಗ್, ಬ್ರೌನಿಂಗ್‌ನ ಜೇಬು ಪಿಸ್ತೂಲನ್ನು ಕಂಡು ಬೆರಗಾಗಿ ಅದನ್ನೇ ಕೊಂಡೊಯ್ದ. 1897ರ ಜುಲೈನಲ್ಲಿ ಒಪ್ಪಂದವಾಯಿತು. 7.65 ಮಿ.ಮೀ. ಗುಂಡಿನ ಆ ಪಿಸ್ತೂಲನ್ನು 1900ರಲ್ಲಿ ಬೆಲ್ಜಿಯಂ ಸೇನೆ ಸ್ವೀಕರಿಸಿತು. ಅಮೆರಿಕದಲ್ಲಿ .32 ಎಂದು ಕರೆಯುವ ಆ ಗುಂಡಿನ ವಿನ್ಯಾಸವೂ ಬ್ರೌನಿಂಗ್‌ನದೇ.

ವಿಂಚೆಸ್ಟರ್ ನಂಟು 1902ರಲ್ಲಿ ಮುರಿಯಿತು. ತಾನು ರೂಪಿಸಿದ ಸ್ವಯಂಚಾಲಿತ ಶಾಟ್‌ಗನ್ನಿಗೆ ಬ್ರೌನಿಂಗ್ ಈ ಬಾರಿ ಇಡಿಗಂಟಿನ ಬದಲು ಮಾರಾಟದ ಮೇಲೆ ಪಾಲು ಕೇಳಿದ. ಬೆನೆಟ್ ಒಪ್ಪಲಿಲ್ಲ. ರೆಮಿಂಗ್ಟನ್ ಕಂಪನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋಗಿ ಹೊರಗೆ ಕಾದು ಕುಳಿತಿದ್ದಾಗಲೇ ಹಾರ್ಟ್ಲಿ ಹೃದಯಾಘಾತದಿಂದ ಮೃತನಾದ ಸುದ್ದಿ ಬಂತು. ಬ್ರೌನಿಂಗ್ ಶಾಟ್‌ಗನ್ನನ್ನು ಹೊತ್ತು ಹಡಗು ಹತ್ತಿದ. ಎಫ್ಎನ್ ಅದನ್ನು ತಯಾರಿಸಿತು, ಮೊದಲ 10 ಸಾವಿರ ಬಂದೂಕುಗಳಿಗೆ ಬ್ರೌನಿಂಗ್ ತಾನೇ ಬೇಡಿಕೆ ಸಲ್ಲಿಸಿದ. ಅಲ್ಲಿಂದ ಮುಂದೆ ಅಟ್ಲಾಂಟಿಕ್ ದಾಟುವುದು ಆತನಿಗೆ ಬದುಕಿನ ಭಾಗವಾಯಿತು.

6 ಸಾವಿರ ಗುಂಡುಗಳ ಪರೀಕ್ಷೆ

ಪಿಸ್ತೂಲುಗಳನ್ನು ಹೋಲಿಸಿ ನೋಡುವ ಹವ್ಯಾಸಕ್ಕೆ ಚರಿತ್ರೆಯಲ್ಲೊಂದು ದೊಡ್ಡ ಮಾದರಿಯಿದೆ. ಫಿಲಿಪ್ಪೀನ್ಸ್‌ನಲ್ಲಿ ಮೋರೋ ಬಂಡಾಯಗಾರರೊಡನೆ ಕಾದಾಡಿದ ಅಮೆರಿಕದ ಸೈನಿಕರು ತಮ್ಮ .38 ರಿವಾಲ್ವರಿನ ಗುಂಡು ಎದುರಾಳಿಯನ್ನು ತಡೆಯುವುದಿಲ್ಲವೆಂದು ದೂರಿದರು. 1904ರಲ್ಲಿ ಜಾನ್ ಥಾಂಪ್ಸನ್ ಮತ್ತು ಲೂಯಿ ಲಗಾರ್ಡ್ ಎಂಬ ಸೇನಾಧಿಕಾರಿಗಳು ಶಿಕಾಗೋದ ಕಸಾಯಿಖಾನೆಯ ದನಗಳ ಮೇಲೂ ಶವಗಳ ಮೇಲೂ ವಿವಿಧ ಗುಂಡುಗಳನ್ನು ಹಾರಿಸಿ ನೋಡಿದರು. ಸೇನೆಯ ಕೈಕೋವಿ .45ಕ್ಕಿಂತ ಕಡಿಮೆ ಅಳತೆಯದಾಗಿರಬಾರದು ಎಂಬುದು ಅವರ ತೀರ್ಮಾನ. ಅದಕ್ಕೆ ಒಪ್ಪುವ ಗುಂಡನ್ನೂ ಪಿಸ್ತೂಲನ್ನೂ ಬ್ರೌನಿಂಗ್ ಕೋಲ್ಟ್ ಕಂಪನಿಗಾಗಿ ಸಿದ್ಧಪಡಿಸಿದ.

1907ರ ಜನವರಿಯಲ್ಲಿ ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರದಲ್ಲಿ ಪರೀಕ್ಷಾ ಮಂಡಳಿ ಸೇರಿತು. ಜರ್ಮನಿಯ ಲೂಗರ್ ಮತ್ತು ಬೆರ್ಗ್‌ಮನ್, ಅಮೆರಿಕದ ಸ್ಯಾವೇಜ್ ಮತ್ತು ನೋಬಲ್, ಬ್ರಿಟನ್ನಿನ ವೆಬ್ಲಿ ಫಾಸ್ಬರಿ ಸ್ವಯಂಚಾಲಿತ ರಿವಾಲ್ವರ್, ಕೋಲ್ಟ್ ಹಾಗೂ ಸ್ಮಿತ್ ಅಂಡ್ ವೆಸನ್ ರಿವಾಲ್ವರುಗಳು ಕಣದಲ್ಲಿದ್ದವು. ಜರಡಿ ಹಿಡಿದಾಗ ಮುಂದಿನ ಸುತ್ತಿಗೆ ಯೋಗ್ಯವೆಂದು ಉಳಿದವು ಕೋಲ್ಟ್ ಮತ್ತು ಸ್ಯಾವೇಜ್. ಎರಡರಲ್ಲೂ ತಲಾ 200 ಪಿಸ್ತೂಲುಗಳನ್ನು ಸೈನಿಕರ ಕೈಗೆ ಕೊಟ್ಟು ನೋಡುವುದೆಂದು ನಿರ್ಧಾರವಾಯಿತು.

ಕುದುರೆ ಸವಾರರು ದೂಳಿನಲ್ಲಿ, ಮಳೆಯಲ್ಲಿ ಬಳಸಿ ಕಳುಹಿಸಿದ ದೂರುಗಳನ್ನೆಲ್ಲ ಬ್ರೌನಿಂಗ್ ಗಮನವಿಟ್ಟು ಪರಿಶೀಲಿಸಿದ. ನಾಲ್ಕು ವರ್ಷ ಹಿಡಿಕೆಯ ಬಾಗು ಬದಲಾಯಿತು, ಹೆಚ್ಚುವರಿ ಸುರಕ್ಷಾ ಕೀಲಿಗಳು ಸೇರಿದವು, ನಳಿಕೆಗೆ ಎರಡಿದ್ದ ಕೊಂಡಿ ಒಂದಾಯಿತು. 1910ರ ಕೊನೆಯಲ್ಲಿ ನಡೆದ ದೀರ್ಘ ಪರೀಕ್ಷೆಯಲ್ಲಿ ಎರಡು ಪಿಸ್ತೂಲುಗಳೂ ತೊಡಕು ಕಂಡವು. ಬ್ರೌನಿಂಗ್ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲೇ ಬೀಡುಬಿಟ್ಟು ಪ್ರತಿಯೊಂದು ಭಾಗದ ತಯಾರಿಕೆಯನ್ನು ಕಣ್ಣಾರೆ ನೋಡಿಕೊಂಡ.

1911ರ ಮಾರ್ಚ್‌ನಲ್ಲಿ ನಿರ್ಣಾಯಕ ಪರೀಕ್ಷೆ. ಪ್ರತಿ ಪಿಸ್ತೂಲಿನಿಂದ 6 ಸಾವಿರ ಗುಂಡುಗಳು. ನೂರು ಗುಂಡು ಹಾರಿಸಿದ ಮೇಲೆ ಐದು ನಿಮಿಷ ವಿರಾಮ, ಸಾವಿರ ಮುಗಿದ ಮೇಲೆ ಶುಚಿಗೊಳಿಸಿ ಎಣ್ಣೆ ಹಚ್ಚಿ ಮತ್ತೆ ಆರಂಭ. ಮುಟ್ಟಲಾರದಷ್ಟು ಬಿಸಿಯಾದಾಗ ನೀರಿನ ಬಕೆಟ್ಟಿನಲ್ಲಿ ಅದ್ದಿದರು. ಬಳಿಕ ಜಜ್ಜಿದ ಗುಂಡುಗಳನ್ನು ತುಂಬಿದರು, ಮರಳಲ್ಲಿ, ಕೆಸರಲ್ಲಿ ಹೂತರು, ಆಮ್ಲದಲ್ಲಿ ಮುಳುಗಿಸಿ ತುಕ್ಕು ಹಿಡಿಸಿದರು. ಫಲಿತಾಂಶದ ಪಟ್ಟಿಯಲ್ಲಿ ಸ್ಯಾವೇಜ್ ಎದುರಿಗೆ 37 ವೈಫಲ್ಯಗಳು ದಾಖಲಾದವು. ಕೋಲ್ಟ್ ಎದುರಿಗೆ ಒಂದೂ ಇರಲಿಲ್ಲ. ಮಾರ್ಚ್ 29ರಂದು ಅದು ಅಮೆರಿಕದ ಸೇನೆಯ ಅಧಿಕೃತ ಪಿಸ್ತೂಲಾಯಿತು. ವರ್ಷವೇ ಅದರ ಹೆಸರು: 1911. ಏಳು ಗುಂಡಿನ, ಖಾಲಿಯಿದ್ದಾಗಲೂ ಒಂದು ಕಿಲೋಗೆ ಮೀರಿ ತೂಗುವ ಆ ಆಯುಧ 1985ರವರೆಗೆ, ಅಂದರೆ 74 ವರ್ಷ, ಆ ಸ್ಥಾನದಲ್ಲಿತ್ತು.

ಸೋತ ಸ್ಯಾವೇಜ್‌ನ ವಿನ್ಯಾಸಕಾರ ಎಲ್ಬರ್ಟ್ ಸರ್ಲ್ ಕೂಡ ಸಾಮಾನ್ಯನಲ್ಲ. ಆತನ ಪಿಸ್ತೂಲು ಜೇಬಿನ ಗಾತ್ರದಲ್ಲಿ ಚೆನ್ನಾಗಿ ಮಾರಾಟವಾಯಿತು. ದೂರುಗಳನ್ನು ತಿದ್ದುಪಡಿಯ ಅವಕಾಶವೆಂದು ಸ್ವೀಕರಿಸಿ ನಾಲ್ಕು ವರ್ಷ ಪಟ್ಟು ಬಿಡದೆ ಕುಳಿತದ್ದು ಬ್ರೌನಿಂಗ್‌ನ ಗೆಲುವಿನ ಕಾರಣ.

ಒಂದೇ ಆಯುಧ, ಹಲವು ಕೈಗಳು

ಅದೇ ಕಾಲಕ್ಕೆ ಬ್ರೌನಿಂಗ್‌ನ ಜೇಬು ಪಿಸ್ತೂಲುಗಳು ಯುರೋಪಿನಲ್ಲಿ ಬೇರೆಯದೇ ಚರಿತ್ರೆ ಬರೆಯುತ್ತಿದ್ದವು. 1904ರಲ್ಲಿ ಫಿನ್ಲೆಂಡಿನ ರಾಷ್ಟ್ರವಾದಿ ಯೂಜೆನ್ ಶೌಮನ್ ರಷ್ಯಾದ ಗವರ್ನರ್ ಜನರಲ್ ಬೊಬ್ರಿಕೋವ್‌ನನ್ನು ಕೊಂದದ್ದು ಬ್ರೌನಿಂಗ್‌ನಿಂದ. 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಆನ್ ಜುಂಗ್ ಗುನ್ ಜಪಾನಿನ ಮಾಜಿ ಪ್ರಧಾನಿ ಇಟೊ ಹಿರೊಬುಮಿಯನ್ನು ಕೊಂದದ್ದೂ ಬ್ರೌನಿಂಗ್‌ನಿಂದ. ಕೊಂದವರು ತಮ್ಮ ನಾಡಿನಲ್ಲಿ ವೀರರೆನಿಸಿದರು, ಎದುರಿನ ನಾಡಿನಲ್ಲಿ ಹಂತಕರೆನಿಸಿದರು.

ಎಫ್ಎನ್ ಹತ್ತು ಲಕ್ಷ ಬ್ರೌನಿಂಗ್ ಪಿಸ್ತೂಲುಗಳ ತಯಾರಿಕೆಯನ್ನು ಪೂರೈಸಿ 1914ರಲ್ಲಿ ಸಂಭ್ರಮಿಸಿತು. ಬೆಲ್ಜಿಯಂನ ದೊರೆ ಆಲ್ಬರ್ಟ್ ಬ್ರೌನಿಂಗ್‌ಗೆ ಲಿಯೊಪೋಲ್ಡ್ ಪದವಿಯ ಗೌರವ ನೀಡಿದ. ಅದೇ ವರ್ಷ ಜೂನ್ 28ರಂದು ಸರಾಯೆವೊ ನಗರದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ 19ರ ಯುವಕ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ಹಾಗೂ ಆತನ ಪತ್ನಿ ಸೋಫಿಯಾಳನ್ನು ಗುಂಡಿಟ್ಟು ಕೊಂದ. ಆತನ ಕೈಯಲ್ಲಿದ್ದದ್ದು ಎಫ್ಎನ್ ಕಾರ್ಖಾನೆಯ 1910ರ ಮಾದರಿಯ ಬ್ರೌನಿಂಗ್. ಆ ಗುಂಡುಗಳ ಬೆನ್ನಿಗೆ ಮೊದಲ ಮಹಾಯುದ್ಧ ಹತ್ತಿಕೊಂಡಿತು. ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಪಿಸ್ತೂಲು ಹುಟ್ಟಿದ ಲೀಜ್ ಮೊದಲ ವಾರಗಳಲ್ಲೇ ಬಿತ್ತು.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಬ್ರೌನಿಂಗ್‌ನ ಹೊಸ ಮೆಷಿನ್ ಗನ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 20 ಸಾವಿರ ಗುಂಡುಗಳನ್ನು ತಡೆಯಿಲ್ಲದೆ ಹಾರಿಸಿತು, ಬಳಿಕ ಮತ್ತೆ 20 ಸಾವಿರ. ನಂಬಲಾರದೆ ಎರಡನೆಯ ಗನ್ ತರಿಸಿದರೆ ಅದು ಸತತ 48 ನಿಮಿಷ ಗುಂಡು ಸುರಿಸಿತು. ಈ ಆಯುಧಗಳ ಹಕ್ಕಿಗೆ ಸರ್ಕಾರ ಕೊಡಲು ಮುಂದೆ ಬಂದ ಮೊತ್ತ ಏಳೂವರೆ ಲಕ್ಷ ಡಾಲರ್. ರೂಢಿಯ ರಾಯಧನ ಕೇಳಿದ್ದರೆ ಒಂದು ಕೋಟಿ ಡಾಲರಿಗೂ ಹೆಚ್ಚು ಸಿಗುತ್ತಿತ್ತೆಂಬ ಅಂದಾಜಿದೆ. ವಿಂಚೆಸ್ಟರ್‌ನೊಡನೆ ಪಾಲಿಗಾಗಿ ಜಗಳವಾಡಿ ಹೊರಬಂದಿದ್ದ ವ್ಯಕ್ತಿ ಈ ಬಾರಿ ಚೌಕಾಸಿಯಿಲ್ಲದೆ ಒಪ್ಪಿದ. 1918ರಲ್ಲಿ ಮಗ ವಾಲ್ ಬ್ರೌನಿಂಗ್ ಅಪ್ಪನ ಸ್ವಯಂಚಾಲಿತ ರೈಫಲ್ ಹಿಡಿದು ಫ್ರಾನ್ಸಿನ ರಣರಂಗದಲ್ಲಿದ್ದ.

ಮೇಜಿನ ಬಳಿಯೇ ಕೊನೆಯುಸಿರು

ಯುದ್ಧಾನಂತರ ಫ್ರಾನ್ಸ್ ಸೇನೆಗೆ ಹೆಚ್ಚು ಗುಂಡು ಹಿಡಿಯುವ 9 ಮಿ.ಮೀ. ಪಿಸ್ತೂಲು ಬೇಕಾಯಿತು. ಬ್ರೌನಿಂಗ್ ಆ ಕೆಲಸ ಕೈಗೆತ್ತಿಕೊಂಡ. 1926ರ ನವೆಂಬರ್ 26ರಂದು ಲೀಜ್‌ನ ಕಾರ್ಖಾನೆಯಲ್ಲಿ ಕೆಲಸದ ಮೇಜಿನ ಬಳಿ ನಿಂತಿದ್ದಾಗ ಎದೆನೋವು ಕಾಣಿಸಿತು. ಮಗ ವಾಲ್‌ನ ಕಚೇರಿಯಲ್ಲಿ ಮಲಗಿಸಿದರೂ ಫಲವಾಗಲಿಲ್ಲ. 71 ವರ್ಷದ ಬ್ರೌನಿಂಗ್‌ನ ದೇಹ ಹಡಗಿನಲ್ಲಿ ತಾಯ್ನಾಡಿಗೆ ಮರಳಿತು. ಆಗ್ಡೆನ್‌ನಲ್ಲಿ ಸೇನಾ ಗೌರವದೊಡನೆ ಮಣ್ಣು ಮಾಡಲಾಯಿತು.

ಅರ್ಧಕ್ಕೆ ನಿಂತ ಪಿಸ್ತೂಲನ್ನು ಎಫ್ಎನ್‌ನ ವಿನ್ಯಾಸಕಾರ ಡಿಯುಡೊನೆ ಸೈವ್ ಪೂರ್ಣಗೊಳಿಸಿದ. 13 ಗುಂಡುಗಳ ಆ ಪಿಸ್ತೂಲು 1935ರಲ್ಲಿ ಹೈ ಪವರ್ ಎಂಬ ಹೆಸರಿನಲ್ಲಿ ಹೊರಬಂತು. ಎರಡನೇ ಮಹಾಯುದ್ಧದಲ್ಲಿ ಲೀಜ್ ಕಾರ್ಖಾನೆ ಜರ್ಮನರ ವಶವಾದಾಗ ಅಲ್ಲಿ ಅವರಿಗಾಗಿಯೂ, ಕೆನಡಾದ ಟೊರಾಂಟೊದ ಇಂಗ್ಲಿಸ್ ಕಾರ್ಖಾನೆಯಲ್ಲಿ ಮಿತ್ರಪಡೆಗಳಿಗಾಗಿಯೂ ಅದೇ ಪಿಸ್ತೂಲು ತಯಾರಾಯಿತು.

ಭಾರತದ ಸೇನಾಧಿಕಾರಿಗಳ ಸೊಂಟದಲ್ಲಿ ದೀರ್ಘಕಾಲ ಇದ್ದದ್ದೂ ಇದೇ. ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ ತಯಾರಿಸಿದ 9 ಮಿ.ಮೀ. ಪಿಸ್ತೂಲು ಹೈ ಪವರ್‌ನ ಪ್ರತಿರೂಪ. 9 ಮಿ.ಮೀ. ಹಾಗೂ .45 ಗುಂಡಿನ ಪಿಸ್ತೂಲುಗಳು ನಮ್ಮ ಕಾನೂನಿನಲ್ಲಿ ನಾಗರಿಕರಿಗೆ ನಿಷಿದ್ಧ. ಹೀಗಾಗಿ ಪರವಾನಗಿದಾರರಿಗೆಂದು ನಮ್ಮ ಆಯುಧ ಕಾರ್ಖಾನೆಗಳು ತಯಾರಿಸಿದ ಪಿಸ್ತೂಲು .32ರದ್ದು, ಅಂದರೆ ಬ್ರೌನಿಂಗ್ ರೂಪಿಸಿದ ಅದೇ 7.65 ಮಿ.ಮೀ. ಗುಂಡಿನದು.

ಈ ನಂಟಿಗೆ ನೋವಿನ ಮುಖವೂ ಇದೆ. 1948ರ ಜನವರಿ 30ರಂದು ಗಾಂಧೀಜಿಯವರ ಎದೆಗೆ ಹಾರಿದ ಮೂರು ಗುಂಡುಗಳು ಇಟಲಿಯ ಬೆರೆಟ್ಟಾ ಪಿಸ್ತೂಲಿನವು. ಆ ಪಿಸ್ತೂಲು ಬಳಸುವ ಗಿಡ್ಡ 9 ಮಿ.ಮೀ. ಗುಂಡು 1908ರಲ್ಲಿ ಬ್ರೌನಿಂಗ್ ರೂಪಿಸಿದ್ದು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಬಾಗಿಲಲ್ಲೇ ಹತರಾದರು. ಎರಡೂ ಕಡೆ ಬಳಕೆಯಾದದ್ದು 7.65 ಮಿ.ಮೀ. ಗುಂಡಿನ ಒಂದೇ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ತನಿಖಾ ತಂಡ ಹೇಳಿತು. ಆಗ್ಡೆನ್‌ನ ಕಮ್ಮಾರನ ಮಗ ಹೆಸರನ್ನೂ ಕೇಳಿರದ ಊರುಗಳಲ್ಲಿ, ಆತ ಸತ್ತು ಸುಮಾರು ಒಂದು ಶತಮಾನದ ಬಳಿಕ, ಆತ ನಿಗದಿಪಡಿಸಿದ ಅಳತೆ ಕೆಲಸ ಮಾಡುತ್ತಲೇ ಇತ್ತು.

ಅಮೆರಿಕದ ಸೇನೆ 1985ರಲ್ಲಿ 1911ನ್ನು ಕೈಬಿಟ್ಟು ಬೆರೆಟ್ಟಾ ಆಯ್ದುಕೊಂಡಾಗಲೂ, 2017ರಲ್ಲಿ ಬೆರೆಟ್ಟಾ ಬಿಟ್ಟು ಸಿಗ್ ಸಾವರ್ ಆಯ್ದುಕೊಂಡಾಗಲೂ ಮತ್ತೆ ಪರೀಕ್ಷೆಗಳು ನಡೆದವು. ಹೊಸ ಸಿಗ್ ಪಿಸ್ತೂಲಿನಲ್ಲಿ ನಳಿಕೆ ವಾಲಿ ಕಚ್ಚು ಬಿಡುವ ಬ್ರೌನಿಂಗ್‌ನ ಪದ್ಧತಿಯೇ ಸುಧಾರಿತ ರೂಪದಲ್ಲಿ ಮರಳಿ ಬಂದಿದೆ. 1911ರ ಸ್ಪ್ರಿಂಗ್‌ಫೀಲ್ಡ್‌ನಿಂದ ಇಂದಿನ ಗುರಿ ಅಂಗಳದವರೆಗೆ ಪಿಸ್ತೂಲಿಗೆ ಕೇಳುವ ಮುಖ್ಯ ಪ್ರಶ್ನೆ ಒಂದೇ, ಅದು ಕೈಕೊಡದೆ ಹಾರುತ್ತದೆಯೇ ಎಂಬುದು. ಆ ಪ್ರಶ್ನೆಗೆ ಬ್ರೌನಿಂಗ್‌ನಷ್ಟು ಸಮರ್ಥವಾಗಿ ಉತ್ತರಿಸಿದವರು ವಿರಳ. ಅದು ಯಾರ ಕೈಯಲ್ಲಿ, ಯಾರ ಎದುರು ಹಾರುತ್ತದೆ ಎಂಬ ಪ್ರಶ್ನೆಗೆ ಸ್ಪ್ರಿಂಗ್‌ಫೀಲ್ಡ್‌ನ ಆ ಪಟ್ಟಿಯಲ್ಲಿ ಅಂಕಣವಿರಲಿಲ್ಲ.